ಗಾಡಿ ಪ್ರಶ್ನೋತ್ತರ: ಲೆಕ್ಕಕ್ಕೆ ಸಿಗದ ನಾಲ್ಕನೇ ಬೋಲ್ಟ್

ಈ ಸಲದ ಕಾಗದಗಳಲ್ಲಿ ಮೂರು ಸ್ಪೀಡೋಮೀಟರಿನ ವಿಷಯದವೇ. ಮೊದಲನೆಯದು ಇಂಗ್ಲೆಂಡಿನ ಕವೆಂಟ್ರಿಯಿಂದ ಬಂದಿದೆ. ಅದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಯಾಕೆ ಅಂತ ಓದುತ್ತಾ ಹೋದರೆ ಗೊತ್ತಾಗುತ್ತದೆ.

ಪ್ರಶ್ನೆ: ನಮಸ್ಕಾರ ಸರ್. ನಾನು ತಿಪಟೂರಿನ ಕಡೆಯವನು, ಹನ್ನೊಂದು ವರ್ಷದಿಂದ ಕವೆಂಟ್ರಿಯಲ್ಲಿದ್ದೇನೆ. ಇಲ್ಲಿ ಮನೆಯಲ್ಲೇ ಕಾರು ಕಟ್ಟುವವರು ಬಹಳ ಜನ. ನಾನೂ ಮೂರು ವರ್ಷದಿಂದ ಗ್ಯಾರೇಜಿನಲ್ಲಿ ಒಂದು ಕಾರು ಕಟ್ಟುತ್ತಿದ್ದೇನೆ. ಹಳೇ ಲೋಟಸ್ ಸೆವೆನ್ ಮಾದರಿಯ, ಎರಡೇ ಸೀಟಿನ, ಮೇಲೆ ಮುಚ್ಚಿಗೆ ಇಲ್ಲದ ಗಾಡಿ. ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಎಲ್ಲ ಗುಜರಿಗೆ ಹೊರಟಿದ್ದ ಒಂದು 1.8 ಲೀಟರ್ ಮಜ್ದಾ ಎಂಎಕ್ಸ್-5 ಕಾರಿನವು. ಅದರ ಕೇಬಲ್ ಮೀಟರ್ ತೆಗೆದು ಎಲೆಕ್ಟ್ರಾನಿಕ್ ಸ್ಪೀಡೋಮೀಟರ್ ಹಾಕಿದ್ದೇನೆ. ಗೇರ್‌ಬಾಕ್ಸಿನಿಂದ ಹಿಂದಿನ ಡಿಫರೆನ್ಷಿಯಲ್ಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಹಿಂದಿನ ಫ್ಲ್ಯಾಂಜಿನ, ಅಂದರೆ ಜೋಡಣೆಯ ತಟ್ಟೆಯ, ನಾಲ್ಕು ಬೋಲ್ಟ್‌ಗಳ ಎದುರಿಗೆ ಹಾಲ್ ಸೆನ್ಸರ್ ಕೂರಿಸಿದ್ದೇನೆ. ಒಂದೊಂದು ಬೋಲ್ಟ್ ಎದುರಿಗೆ ಬಂದಾಗಲೂ ಅದು ಮೀಟರಿಗೆ ಒಂದು ಪಲ್ಸ್ ಕಳಿಸಬೇಕು. ಟೈರು 185/60 ಆರ್14. ಡಿಫರೆನ್ಷಿಯಲ್ 4.1, ಅಂದರೆ ಚಕ್ರ ಒಂದು ಸುತ್ತು ಬಂದರೆ ಶಾಫ್ಟ್ 4.1 ಸುತ್ತು. ಲೆಕ್ಕ ಹಾಕಿ ಮೈಲಿಗೆ 14,545 ಪಲ್ಸ್ ಅಂತ ಮೀಟರಿಗೆ ಕೊಟ್ಟೆ. ಅನುಮತಿ ಪಡೆದು ಒಂದು ಖಾಸಗಿ ಏರ್‌ಫೀಲ್ಡಿನಲ್ಲಿ ಓಡಿಸಿದೆ. ಫೋನಿನ ಜಿಪಿಎಸ್ 20 ಮೈಲಿ ತೋರಿಸಿದಾಗ ಮೀಟರ್ 15ರ ಹತ್ತಿರ, 40 ಇದ್ದಾಗ 31, 60 ಇದ್ದಾಗ 46. ಮಗಳು ಪಕ್ಕದಲ್ಲಿ ಕೂತು ಬರೆದುಕೊಂಡಳು. ನಿಧಾನ ಹೋಗುವಾಗ ಮುಳ್ಳು ಸಣ್ಣಗೆ ನಡುಗುತ್ತದೆ. ಕೊನೆಗೆ ನಂಬರನ್ನು 11,250ಕ್ಕೆ ಇಳಿಸಿದೆ, ಫೋನಿಗೂ ಮೀಟರಿಗೂ ತಾಳೆಯಾಯಿತು. ಆದರೆ ಲೆಕ್ಕ ಎಲ್ಲಿ ತಪ್ಪಿತು ಅಂತ ಗೊತ್ತಾಗದೆ ಸಮಾಧಾನ ಇಲ್ಲ. ಮುಂದಿನ ತಿಂಗಳು ಸರ್ಕಾರದ ತಪಾಸಣೆ ಇದೆ. ಹೀಗೇ ಬಿಡಬಹುದಾ? ಜೋಡಿಸುವಾಗ ಒಂದು ಬೋಲ್ಟ್ ಕಳೆದುಹೋಗಿ, ಅಂಗಡಿಯಿಂದ ಅದೇ ಅಳತೆಯ ಹೊಸ ಹೊಳೆಯುವ ಬೋಲ್ಟ್ ತಂದು ಹಾಕಿದ್ದು ಬಿಟ್ಟರೆ ಬೇರೇನೂ ಬದಲಾಯಿಸಿಲ್ಲ.

ಉತ್ತರ: ಬಿಡಬೇಡಿ ಸ್ವಾಮಿ. ಈ ಉತ್ತರ ಪೂರ್ತಿ ಓದುವ ಮೊದಲೇ ಗಾಡಿಯನ್ನು ನಿಲ್ಲಿಸಿಬಿಡಿ. ಆ ಹೊಳೆಯುವ ಬೋಲ್ಟ್ ಬಿಚ್ಚುವವರೆಗೂ ಓಡಿಸಬೇಡಿ. ಮೀಟರಿನ ಮಾತು ಆಮೇಲೆ.

ಮನೆಯಲ್ಲಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಅಯಸ್ಕಾಂತ ಇರುತ್ತದಲ್ಲ, ಅದನ್ನು ತೆಗೆದುಕೊಂಡು ಗಾಡಿಯ ಕೆಳಗೆ ಹೋಗಿ. ನಾಲ್ಕೂ ಬೋಲ್ಟಿನ ತಲೆಗೆ ಮುಟ್ಟಿಸಿ. ಮೂರಕ್ಕೆ ಗಟ್ಟಿಯಾಗಿ ಹಿಡಿಯುತ್ತದೆ. ನಾಲ್ಕನೆಯದಕ್ಕೆ ಹಿಡಿಯುವುದಿಲ್ಲ, ಇಲ್ಲವೇ ಹಿಡಿದೂ ಹಿಡಿಯದ ಹಾಗೆ ಜಾರುತ್ತದೆ. ಅದರ ತಲೆ ಮೇಲೆ ‘ಎ2-70’ ಅಂತ ಅಚ್ಚು ಇರಬಹುದು, ನೋಡಿ. ಅದು ಸ್ಟೇನ್‌ಲೆಸ್ ಸ್ಟೀಲು. ನಿಮ್ಮ ಹಾಲ್ ಸೆನ್ಸರಿನ ಮೂತಿಯೊಳಗೆ ಒಂದು ಚಿಕ್ಕ ಅಯಸ್ಕಾಂತ ಇದೆ. ಕಬ್ಬಿಣದ ತಲೆ ಎದುರಿಗೆ ಬಂದಾಗ ಅದರ ಸೆಳೆತ ಬದಲಾಗುತ್ತದೆ, ಒಂದು ಪಲ್ಸ್ ಹೊರಡುತ್ತದೆ. ಅಯಸ್ಕಾಂತ ಹಿಡಿಯದ ಬೋಲ್ಟ್ ಎದುರಿಗೆ ಬಂದರೂ ಸೆನ್ಸರಿಗೆ ಖಾಲಿ ಜಾಗ ಇದ್ದ ಹಾಗೆ. ಶಾಫ್ಟ್ ಒಂದು ಸುತ್ತು ಬಂದರೆ ನಾಲ್ಕು ಪಲ್ಸ್ ಬರಬೇಕಿತ್ತು, ಬರುತ್ತಿರುವುದು ಮೂರು. ನಿಧಾನ ಹೋಗುವಾಗ ಮುಳ್ಳು ನಡುಗುವುದಕ್ಕೂ ಇದೇ ಕಾರಣ. ಟಕ್, ಟಕ್, ಟಕ್, ಆಮೇಲೆ ಒಂದು ಬಿಡುವು.

ನಿಮ್ಮ ಕಾಗದದಲ್ಲಿ 40ಕ್ಕೆ 31 ಅಂತ ಓದಿದ ತಕ್ಷಣ ನನಗೆ ಅನುಮಾನ ಬಂತು. ಮೂವತ್ತು ವರ್ಷ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮೀಟರ್ ರಿಪೇರಿ ಮಾಡಿದವನು ನಾನು. ಮೀಟರ್ ಎಷ್ಟು ಮೈಲಿ ತಪ್ಪು ಅಂತ ನಾನು ಕೇಳುವುದಿಲ್ಲ. ಎಷ್ಟನೇ ಪಾಲು ತಪ್ಪು ಅಂತ ಕೇಳುತ್ತೇನೆ. ಕಾರಣ ಆ ಪಾಲಿನಲ್ಲೇ ಇರುತ್ತದೆ. ಒಂದೂವರೆಗಿಂತ ಸ್ವಲ್ಪ ಜಾಸ್ತಿ, ಅಂದರೆ 1.6 ಪಟ್ಟು ತೋರಿಸಿದರೆ ಮೈಲಿ ಜಾಗದಲ್ಲಿ ಕಿಲೋಮೀಟರಿನ ಲೆಕ್ಕ ಕೊಟ್ಟಿದ್ದೀರಿ. ಸರಿಯಾಗಿ ಎರಡು ಪಟ್ಟು ತೋರಿಸಿದರೆ ಒಂದು ಬೋಲ್ಟನ್ನು ಸೆನ್ಸರ್ ಎರಡು ಸಲ ಎಣಿಸುತ್ತಿದೆ. ತಲೆಯ ನಡುವೆ ಅಲೆನ್ ಕೀ ಗುಳಿ ಇರುವ ಬೋಲ್ಟ್‌ಗಳಲ್ಲಿ ಹೀಗಾಗುತ್ತದೆ. ನೂರಕ್ಕೆ ಐದರಷ್ಟು ತಪ್ಪಿದ್ದರೆ ಡಿಫರೆನ್ಷಿಯಲ್ ಬೇರೆಯದಿರಬಹುದು, 1.6 ಲೀಟರ್ ಎಂಎಕ್ಸ್-5ಗೆ 4.3 ಬರುತ್ತಿತ್ತು. ಮೂರೋ ನಾಲ್ಕೋ ಆದರೆ ಟೈರು. ಪಾಲು ನಿಲ್ಲದೆ ಮುಳ್ಳು ಸುಮ್ನೆ ಮೇಲೆ ಕೆಳಗೆ ಹಾರಿದರೆ, ಸೆನ್ಸರಿನ ವೈರು ಪ್ಲಗ್ ವೈರಿನ ಪಕ್ಕದಲ್ಲಿ ಹೋಗಿದೆಯಾ ನೋಡಬೇಕು.

ನಿಮ್ಮದು ಮುಕ್ಕಾಲು ಪಾಲು. 40ರ ಮುಕ್ಕಾಲು 30 ಆಗಬೇಕಿತ್ತು, ನಿಮ್ಮ ಮಗಳು 31 ಅಂತ ಬರೆದಿದ್ದಾಳೆ. 60ರ ಮುಕ್ಕಾಲು 45, ಅವಳು ಬರೆದದ್ದು 46. ಸರಿಸುಮಾರು ಅಂತ 30, 45 ಬರೆಯದೆ ಕಂಡದ್ದನ್ನೇ ಬರೆದಳಲ್ಲ, ಅವಳಿಗೆ ನನ್ನ ಮೆಚ್ಚುಗೆ ತಿಳಿಸಿ. ಆ ಮಿಕ್ಕ ಒಂದು ಮೈಲಿಯಲ್ಲೇ ನಿಮ್ಮ ಟೈರಿನ ಲೆಕ್ಕ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಬೋಲ್ಟ್. 60 ಮೈಲಿ ವೇಗದಲ್ಲಿ ಆ ಶಾಫ್ಟ್ ನಿಮಿಷಕ್ಕೆ ಸುಮಾರು 3,750 ಸುತ್ತು ತಿರುಗುತ್ತದೆ. ಸೆವೆನ್ ಮಾದರಿಯ ಗಾಡಿಯಲ್ಲಿ ಅದು ಹೋಗುವುದು ಎರಡು ಸೀಟಿನ ಮಧ್ಯೆ, ನಿಮ್ಮ ಮಗಳ ಮೊಣಕೈ ಪಕ್ಕದಲ್ಲಿ. ಎಂಜಿನ್ನಿನ ಎಳೆತ ಎಲ್ಲ ಆ ನಾಲ್ಕು ಬೋಲ್ಟಿನ ಮೇಲೆ. ಎ2-70 ಅಂದರೆ 700 ಮೆಗಾಪ್ಯಾಸ್ಕಲ್ ಎಳೆತಕ್ಕೆ ಮಾಡಿದ್ದು. ತಲೆ ಮೇಲೆ 8.8 ಅಂತಿದ್ದರೆ 800, 10.9 ಅಂತಿದ್ದರೆ 1,000. ಸ್ಟೇನ್‌ಲೆಸ್ ಬೋಲ್ಟ್ ತುಕ್ಕು ಹಿಡಿಯುವುದಿಲ್ಲ, ನೋಡಲು ಚಂದ, ನಂಬರ್ ಪ್ಲೇಟಿಗೆ ಹಾಕಿ. ಶಾಫ್ಟಿಗೆ ಬೇಡ. ನಾಲ್ಕನ್ನೂ ಬಿಚ್ಚಿ, ಮಜ್ದಾ ಕಂಪನಿ ಹೇಳಿದ ದರ್ಜೆಯ ಒಂದೇ ಜಾತಿಯ ಹೊಸ ನಾಲ್ಕು ಹಾಕಿ. ಟಾರ್ಕ್ ವ್ರೆಂಚಿನಲ್ಲಿ ಅವರ ಪುಸ್ತಕದ ಲೆಕ್ಕಕ್ಕೆ ಬಿಗಿ ಮಾಡಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಕೇಬಲ್ ಮೀಟರಿನ ಕಾಲದಲ್ಲಿ ಒಬ್ಬ ಟ್ಯಾಕ್ಸಿ ಮಾಲೀಕರು ಬಂದರು. ಮುಳ್ಳು ಅಂಟಿಕೊಳ್ಳುತ್ತದೆ, ಬೇಕಾದ್ದಕ್ಕಿಂತ ಜಾಸ್ತಿ ತೋರಿಸುತ್ತದೆ ಅಂದರು. ಆ ಮೀಟರಿನೊಳಗೆ ಕೇಬಲಿನಿಂದ ತಿರುಗುವ ಒಂದು ಅಯಸ್ಕಾಂತ, ಅದರ ಸುತ್ತ ಅಲ್ಯೂಮಿನಿಯಂ ಬಟ್ಟಲು, ಬಟ್ಟಲಿಗೆ ಮುಳ್ಳು, ಮುಳ್ಳನ್ನು ಹಿಂದಕ್ಕೆಳೆಯಲು ಕೂದಲಿನಂಥ ಸ್ಪ್ರಿಂಗ್. ಬಿಚ್ಚಿ ನೋಡಿದರೆ ಬಟ್ಟಲ ತುಂಬ ಎಣ್ಣೆ. ಪೆಟ್ರೋಲಿನಲ್ಲಿ ತೊಳೆದೆ, ಸ್ಪ್ರಿಂಗ್ ಸರಿಮಾಡಿದೆ, ಓಡಿಸಿ ನೋಡಿದರೆ ಮೀಟರ್ ಸರಿಯಾಗಿತ್ತು. ದುಡ್ಡು ತೆಗೆದುಕೊಂಡು ಕಳಿಸಿದೆ. ಎಣ್ಣೆ ಎಲ್ಲಿಂದ ಬಂತು ಅಂತ ಕೇಳಲಿಲ್ಲ. ಅದು ಗೇರ್‌ಬಾಕ್ಸಿನದು. ಅಲ್ಲಿಯ ಸೀಲ್ ಸವೆದಿತ್ತು, ಸುರುಳಿ ಕೇಬಲ್ ತಿರುಗುತ್ತಾ ತಿರುಗುತ್ತಾ ಎಣ್ಣೆಯನ್ನು ಮೇಲಕ್ಕೆ ಹತ್ತಿಸುತ್ತಿತ್ತು. ಸ್ವಲ್ಪ ದಿನಕ್ಕೆ ಕುಣಿಗಲ್ ದಾಟಿದ ಮೇಲೆ ಆ ಗಾಡಿಯ ಗೇರ್‌ಬಾಕ್ಸ್ ಒಣಗಿ ಹಿಡಿದುಕೊಂಡಿತು. ಮನೆ ನಡೆಸುವ ಗಾಡಿ ಅದು. ಆವತ್ತಿನಿಂದ, ಮೀಟರ್ ಸರಿ ಮಾಡಿಕೊಡಿ ಅಂತ ಯಾರು ಬಂದರೂ ಮೊದಲು ಗಾಡಿಯ ಕೆಳಗೆ ಬಗ್ಗಿ ನೋಡುತ್ತಿದ್ದೆ. ನೀವು 14,545 ಅನ್ನು 11,250 ಮಾಡಿದ್ದು ನಾನು ಆ ಬಟ್ಟಲು ತೊಳೆದ ಹಾಗೆ.

ಈಗ ಮೀಟರಿಗೆ ಬರೋಣ. ಹೊಸ ಬೋಲ್ಟ್ ಹಾಕಿದ ಮೇಲೆ ನಾಲ್ಕೂ ತಲೆ ಒಂದೇ ಎತ್ತರಕ್ಕಿವೆಯಾ ನೋಡಿ. ಸೆನ್ಸರಿನ ಮೂತಿಗೂ ಬೋಲ್ಟ್ ತಲೆಗೂ ನಡುವೆ ಎಷ್ಟು ಸಂದು ಬೇಕು ಅಂತ ಅದರ ಜೊತೆಯ ಚೀಟಿಯಲ್ಲಿ ಇರುತ್ತದೆ, ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಆಸುಪಾಸು. ಫೀಲರ್ ಗೇಜ್ ಹಾಕಿ ನಾಲ್ಕು ಕಡೆಯೂ ಅಳೆಯಿರಿ, ಒಂದು ಕಡೆ ಅಳೆದು ಬಿಡಬೇಡಿ. ಸೆನ್ಸರ್ ಹಿಡಿದಿರುವ ಪಟ್ಟಿ ತೆಳ್ಳಗಿದ್ದರೆ ಓಡುವಾಗ ಅದರುತ್ತದೆ, ದಪ್ಪ ಪಟ್ಟಿ ಹಾಕಿ. ಆಮೇಲೆ ಮಲ್ಟಿಮೀಟರನ್ನು ಸಿಗ್ನಲ್ ವೈರಿಗೆ ಹಿಡಿದು ಗಾಡಿಯನ್ನು ಮೆಲ್ಲಗೆ ತಳ್ಳಿಸಿ. ಶಾಫ್ಟ್ ಒಂದು ಸುತ್ತಿಗೆ ವೋಲ್ಟೇಜ್ ನಾಲ್ಕು ಸಲ ಬಿದ್ದು ಏಳಬೇಕು. ಕಣ್ಣಾರೆ ನಾಲ್ಕು ಎಣಿಸಿದ ಮೇಲೆಯೇ ನಂಬರಿನ ಕೆಲಸ.

ನೀವು ಟೈರಿನ ಲೆಕ್ಕ ಹಾಕಿದ ಕ್ರಮ ಸರಿಯಾಗಿಯೇ ಇದೆ. 14 ಇಂಚಿನ ರಿಮ್ 355.6 ಮಿಲಿಮೀಟರ್, ಟೈರಿನ ಗೋಡೆ ಮೇಲೊಂದು ಕೆಳಗೊಂದು 111, ಒಟ್ಟು 577.6. ಸುತ್ತಳತೆ 1.81 ಮೀಟರ್. ಆದರೆ ಇದು ಗೋಡೆಗೆ ಒರಗಿಸಿಟ್ಟ ಟೈರಿನ ಲೆಕ್ಕ. ಗಾಡಿಯ ಭಾರ ಹೊತ್ತ ಟೈರು ಕೆಳಗೆ ಸ್ವಲ್ಪ ಚಪ್ಪಟೆಯಾಗಿ ಕೂರುತ್ತದೆ. ಹಾಗಾಗಿ ಒಂದು ಸುತ್ತಿಗೆ ಅದು ಹೋಗುವ ದೂರ ಲೆಕ್ಕಕ್ಕಿಂತ ನೂರಕ್ಕೆ ಸುಮಾರು ಮೂರರಷ್ಟು ಕಡಿಮೆ. ಇದಕ್ಕೆ ಕಾಗದ ಪೆನ್ನು ಬೇಡ, ಸೀಮೆಸುಣ್ಣ ಮತ್ತು ಟೇಪು ಸಾಕು. ತಪಾಸಣೆ ಆಗಿ ನಂಬರ್ ಬರುವವರೆಗೆ ನಿಮ್ಮ ಗಾಡಿ ರಸ್ತೆಗೆ ಇಳಿಯುವಂತಿಲ್ಲವಲ್ಲ, ಮನೆ ಮುಂದಿನ ಜಾಗದಲ್ಲೇ ಮಾಡಿ. ಟೈರಿಗೆ ಗಾಳಿ ಓಡಿಸುವಾಗ ಎಷ್ಟಿರುತ್ತದೋ ಅಷ್ಟೇ ಇರಲಿ. ಸ್ಟೀರಿಂಗ್ ಹಿಡಿದು ನೀವು ಕೂರಿ, ಪಕ್ಕದಲ್ಲಿ ಮಗಳು ಕೂರಲಿ. ಹಿಂದಿನ ಟೈರು ನೆಲ ಮುಟ್ಟುವ ಕಡೆ ಟೈರಿಗೂ ನೆಲಕ್ಕೂ ಒಟ್ಟಿಗೆ ಒಂದು ಗೆರೆ. ಶಾಫ್ಟಿಗೂ ಒಂದು ಗೆರೆ. ಸ್ನೇಹಿತರು ನೇರವಾಗಿ ತಳ್ಳಲಿ. ಟೈರಿನ ಗೆರೆ ಐದನೇ ಸಲ ನೆಲ ಮುಟ್ಟಿದಾಗ ನಿಲ್ಲಿಸಿ ಅಳೆಯಿರಿ. ಒಂಬತ್ತು ಮೀಟರ್ ಜಾಗ ಇದ್ದರೆ ಸಾಕು. ಅಷ್ಟರಲ್ಲಿ ಒಂದು ಸೆಂಟಿಮೀಟರ್ ಆಚೀಚೆಯಾದರೆ ಸಾವಿರಕ್ಕೆ ಒಂದರಷ್ಟು ತಪ್ಪು, ಅದು ಲೆಕ್ಕಕ್ಕಿಲ್ಲ. ಇನ್ನೊಬ್ಬರು ಶಾಫ್ಟ್ ಎಷ್ಟು ಸುತ್ತು ಬಂತು ಅಂತ ಎಣಿಸಲಿ. ಇಪ್ಪತ್ತೂವರೆ ಬಂದರೆ ಡಿಫರೆನ್ಷಿಯಲ್ 4.1 ಹೌದು. ಇಪ್ಪತ್ತೊಂದೂವರೆ ಬಂದರೆ ಯಾರೋ ಹಿಂದೆ 4.3 ಹಾಕಿದ್ದಾರೆ. ಗುಜರಿ ಗಾಡಿಯ ವಿಷಯದಲ್ಲಿ ಓದಿದ್ದನ್ನು ನಂಬುವುದಕ್ಕಿಂತ ಎಣಿಸಿ ನೋಡುವುದು ಮೇಲು.

ನಿಮ್ಮ ಮಗಳು ಬರೆದ ಅಂಕಿ ನೋಡಿದರೆ ಐದು ಸುತ್ತಿಗೆ 8 ಮೀಟರ್ 80 ಸೆಂಟಿಮೀಟರಿನ ಹತ್ತಿರ ಬರುತ್ತದೆ ಅಂತ ನನ್ನ ಅಂದಾಜು. ಅಂದರೆ ಸುತ್ತಿಗೆ 1.76 ಮೀಟರ್. ಒಂದು ಮೈಲಿ 1,609 ಮೀಟರ್. ಭಾಗಿಸಿದರೆ ಚಕ್ರ ಮೈಲಿಗೆ 914 ಸುತ್ತು. ಅದಕ್ಕೆ 4.1, ಆಮೇಲೆ 4. ಸುಮಾರು 15,000 ಪಲ್ಸ್. ನಿಮ್ಮ 11,250 ಇದರ ಮುಕ್ಕಾಲು, ಸರಿಯಾಗಿ ಮುಕ್ಕಾಲು! ಬೋಲ್ಟಿನ ಅನುಮಾನ ನನಗೆ ಗಟ್ಟಿಯಾದದ್ದು ಈ ಗುಣಾಕಾರ ಮುಗಿದಾಗ.

ಹೊಸ ಬೋಲ್ಟ್ ಹಾಕಿ 11,250 ಅನ್ನು ಹಾಗೇ ಬಿಟ್ಟರೆ 40ರಲ್ಲಿ ಹೋಗುವಾಗ ಮೀಟರ್ 53 ತೋರಿಸುತ್ತದೆ. ಅಲ್ಲಿಯ ತಪಾಸಣೆಯ ನಿಯಮ ಹೀಗಿದೆ: ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು, ಜಾಸ್ತಿ ತೋರಿಸಿದರೆ ನೂರಕ್ಕೆ ಹತ್ತು ಮತ್ತು ಅದರ ಮೇಲೆ 6.25 ಮೈಲಿ, ಅಷ್ಟರೊಳಗಿರಬೇಕು. 40ಕ್ಕೆ ಆ ಮಿತಿ 50.25. ಹಾಗಾಗಿ 53 ನಪಾಸು. ಮೊದಲಿನ ಹಾಗೆ 31 ತೋರಿಸಿದರೂ ನಪಾಸು. ಹಾಗಂತ 15,000 ಹಾಕಿ ಫೋನಿಗೆ ಸರಿಸಮ ಮಾಡಲೂ ಹೋಗಬೇಡಿ. ಮುಂದೆ ಸ್ವಲ್ಪ ಎತ್ತರದ ಟೈರು ಹಾಕಿದಿರೋ, ಮೀಟರ್ ಕಡಿಮೆ ತೋರಿಸಲು ಶುರುಮಾಡುತ್ತದೆ. ಟೈರು ಸವೆದರೆ ಭಯವಿಲ್ಲ, ಆಗ ಜಾಸ್ತಿ ತೋರಿಸುತ್ತದೆ. ನನ್ನ ಹತ್ತಿರ ಒಬ್ಬರು ಮಾರುತಿ 800 ತಂದಿದ್ದರು, 145/70 ಆರ್12 ತೆಗೆದು ಓಮ್ನಿಯ ಎತ್ತರದ ಟೈರು ಹಾಕಿಸಿದ್ದರು. ನಿಜವಾಗಿ 80ರಲ್ಲಿ ಹೋಗುವಾಗ ಅವರ ಮೀಟರ್ 75 ತೋರಿಸುತ್ತಿತ್ತು. ಪೊಲೀಸರು ಹಿಡಿದ ಮೇಲೆ ಗೊತ್ತಾಗಿದ್ದು.

ಹಾಗಾದರೆ ಯಾವ ನಂಬರ್? ನೀವು ಮೊಟ್ಟಮೊದಲು ಹಾಕಿದ್ದಿರಲ್ಲ, 14,545, ಅದನ್ನೇ ವಾಪಸು ಹಾಕಿ. ನಿಜವಾದ 60ಕ್ಕೆ ಮೀಟರ್ 62ರ ಹತ್ತಿರ ತೋರಿಸುತ್ತದೆ. ನನಗೆ ಬೇಕಾದದ್ದೂ ಅಷ್ಟೇ. ಒಂದು ಮಾತು ನೆನಪಿರಲಿ, ಓಡಿದ ದೂರವನ್ನೂ ಅದೇ ನಂಬರಿನಿಂದ ಲೆಕ್ಕ ಹಾಕುವ ಮೀಟರ್ ಆದರೆ ನೂರು ಮೈಲಿಗೆ ನೂರ ಮೂರು ಬರೆಯುತ್ತದೆ. ಪೆಟ್ರೋಲ್ ಮೈಲೇಜ್ ನೋಡುವಾಗ ಅಷ್ಟು ಕಳೆದುಕೊಳ್ಳಿ.

ಏರ್‌ಫೀಲ್ಡಿಗೆ ಇನ್ನೊಂದು ಸಲ ಹೋದಾಗ ಒಂದೇ ವೇಗವನ್ನು ಹತ್ತು ಹದಿನೈದು ಸೆಕೆಂಡು ಹಿಡಿದು ಆಮೇಲೆ ಫೋನ್ ನೋಡಿ. ವೇಗ ಏರುವಾಗ ಇಳಿಯುವಾಗ ಜಿಪಿಎಸ್ ಸ್ವಲ್ಪ ಹಿಂದೆ ಬೀಳುತ್ತದೆ. ಬರೆಯುವ ಕೆಲಸ ಮಗಳದ್ದೇ ಇರಲಿ.

ಪ್ರಶ್ನೆ: ಹೊಸ ಕಾರು ತೆಗೆದುಕೊಂಡಿದ್ದೇನೆ. ಹಾಸನ ರಸ್ತೆಯಲ್ಲಿ ಮೀಟರ್ 100 ತೋರಿಸುವಾಗ ಫೋನ್ 95 ತೋರಿಸುತ್ತದೆ. ಕಿಲೋಮೀಟರ್ ಜಾಸ್ತಿ ಓಡಿದ ಹಾಗೆ ತೋರಿಸಿ ಸರ್ವಿಸ್ ಬೇಗ ಬರಲಿ ಅಂತ ಹೀಗೆ ಮಾಡಿರುತ್ತಾರಾ? ಸರಿ ಮಾಡಿಸಬಹುದಾ?

ಉತ್ತರ: ನಿಮ್ಮ ಅನುಮಾನವನ್ನು ನೀವೇ ಪರೀಕ್ಷೆ ಮಾಡಬಹುದು. ಹೆದ್ದಾರಿಯಲ್ಲಿ ಒಂದು ಕಿಲೋಮೀಟರ್ ಕಲ್ಲಿನ ಹತ್ತಿರ ಟ್ರಿಪ್ ಮೀಟರ್ ಸೊನ್ನೆ ಮಾಡಿ, ಹತ್ತು ಕಲ್ಲು ದಾಟಿದ ಮೇಲೆ ನೋಡಿ. ಒಂದೇ ಕಲ್ಲಿಗೆ ನೋಡಬೇಡಿ, ರಸ್ತೆ ಅಗಲ ಮಾಡುವಾಗ ಕಲ್ಲು ಆಚೀಚೆ ಆಗಿರುತ್ತದೆ. ಟ್ರಿಪ್ ಮೀಟರ್ 10ರ ಹತ್ತಿರ ಇದ್ದರೆ ಯಾರೂ ಮೋಸ ಮಾಡಿಲ್ಲ. ಕಂಪನಿಯ ಗಾಡಿಗಳಲ್ಲಿ ದೂರದ ಲೆಕ್ಕ ಬೇರೆ, ಮುಳ್ಳಿನ ಲೆಕ್ಕ ಬೇರೆ. ಮುಳ್ಳು ಮಾತ್ರ ಬೇಕೆಂದೇ ಸ್ವಲ್ಪ ಮುಂದೆ ಇರುತ್ತದೆ. ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ ಅನ್ನುವ ನಿಯಮಕ್ಕೆ ಹೀಗೆ ಇಟ್ಟಿರುತ್ತಾರೆ. ವಿಶ್ವಸಂಸ್ಥೆಯ 39ನೇ ವಾಹನ ನಿಯಮದಲ್ಲಿ ನಿಜವಾದ 95ಕ್ಕೆ 108ರವರೆಗೂ ತೋರಿಸಬಹುದು. ನಿಮ್ಮದು ಐದೇ ಜಾಸ್ತಿ. ಅದನ್ನು ಮುಟ್ಟಬೇಡಿ, ಮುಟ್ಟಲು ಯಾರಿಗೂ ಬಿಡಬೇಡಿ.

ಪ್ರಶ್ನೆ: ನಾವು ದಾವಣಗೆರೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು. ಕಾಲೇಜಿನ ಆವರಣದಲ್ಲಿ ಓಡಿಸಲು ಒಂದು ಚಿಕ್ಕ ಗಾಡಿ ಮಾಡಿದ್ದೇವೆ. ಮುಂದಿನ ಚಕ್ರಕ್ಕೆ ಒಂದು ಅಯಸ್ಕಾಂತ, ಎದುರಿಗೆ ಅಯಸ್ಕಾಂತ ಹತ್ತಿರ ಬಂದರೆ ಮುಚ್ಚಿಕೊಳ್ಳುವ ರೀಡ್ ಸ್ವಿಚ್, ಆರ್ಡುಯಿನೋ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲಿ ನಾವೇ ಬರೆದ ಮೀಟರ್. ಒಂದು ಸೆಕೆಂಡಿಗೆ ಎಷ್ಟು ಪಲ್ಸ್ ಬಂತು ಅಂತ ಎಣಿಸಿ ವೇಗ ತೋರಿಸುತ್ತದೆ. ಚಕ್ರ ಒಂದು ಸುತ್ತಿಗೆ 1.6 ಮೀಟರ್ ಹೋಗುತ್ತದೆ. ಆದರೆ ಮೀಟರ್ ಯಾವಾಗಲೂ 0, 6, 12, 17, 23 ಇಷ್ಟೇ ತೋರಿಸುತ್ತದೆ, ನಡುವಿನ ಅಂಕಿ ಬರುವುದೇ ಇಲ್ಲ. ಸೆನ್ಸರ್ ಕೆಟ್ಟಿದೆಯಾ?

ಉತ್ತರ: ಸೆನ್ಸರ್ ಚೆನ್ನಾಗಿದೆ, ತಮ್ಮಂದಿರೇ. ಸೆಕೆಂಡಿಗೆ ಒಂದು ಪಲ್ಸ್ ಅಂದರೆ 1.6 ಮೀಟರ್, ಗಂಟೆಗೆ 5.76 ಕಿಲೋಮೀಟರ್. ಎರಡು ಪಲ್ಸ್ ಅಂದರೆ 11.52. ಒಂದೂವರೆ ಪಲ್ಸ್ ಅಂತ ಎಣಿಸಲು ಬರುವುದಿಲ್ಲ, ಅಲ್ವಾ? ಹಾಗಾಗಿ ನಿಮ್ಮ ಮೀಟರ್ ಮೆಟ್ಟಿಲು ಹತ್ತಿದ ಹಾಗೆ ಏರುತ್ತದೆ.

ಪಲ್ಸ್ ಎಣಿಸುವುದನ್ನು ಬಿಡಿ. ಒಂದು ಪಲ್ಸಿಗೂ ಇನ್ನೊಂದಕ್ಕೂ ನಡುವೆ ಎಷ್ಟು ಹೊತ್ತಾಯಿತು ಅಂತ ಅಳೆಯಿರಿ. 5.76 ಅನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ವೇಗ. ನಡುವೆ 0.576 ಸೆಕೆಂಡ್ ಆದರೆ 10 ಕಿಲೋಮೀಟರ್, 0.48 ಆದರೆ 12. ಅಯಸ್ಕಾಂತ ಒಂದೇ ಸಾಕು. ರೀಡ್ ಸ್ವಿಚ್ ಮುಚ್ಚಿಕೊಳ್ಳುವಾಗ ಒಂದೆರಡು ಸಲ ಪಟಪಟ ಅನ್ನುತ್ತದೆ, ಪ್ರತಿ ಸಲವೂ ಪಲ್ಸ್ ಅಂತ ತಿಳಿದರೆ ಮೀಟರ್ ಒಮ್ಮೆಗೇ ಅಸಾಧ್ಯವಾದ ಅಂಕಿಗೆ ಹಾರುತ್ತದೆ. ಒಂದು ಪಲ್ಸ್ ಬಂದ ಮೇಲೆ 20 ಮಿಲಿಸೆಕೆಂಡ್ ಒಳಗೆ ಬರುವ ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ನೂರು ಕಿಲೋಮೀಟರ್ ವೇಗದಲ್ಲೂ ನಡುವೆ 57 ಮಿಲಿಸೆಕೆಂಡ್ ಇರುತ್ತದೆ, ಹಾಗಾಗಿ ನಿಜವಾದ ಪಲ್ಸ್ ತಪ್ಪಿಹೋಗುವುದಿಲ್ಲ. ಎರಡು ಸೆಕೆಂಡ್ ಕಾದರೂ ಪಲ್ಸ್ ಬರದಿದ್ದರೆ ಸೊನ್ನೆ ತೋರಿಸಿ. ಇಲ್ಲದಿದ್ದರೆ ಗಾಡಿ ನಿಂತ ಮೇಲೂ ಹಳೇ ವೇಗವೇ ಉಳಿದುಕೊಳ್ಳುತ್ತದೆ. ಅಯಸ್ಕಾಂತವನ್ನು ಬರೀ ಗೋಂದಿನಲ್ಲಿ ಅಂಟಿಸಿದ್ದರೆ ಮೇಲೊಂದು ತಂತಿಯನ್ನೂ ಸುತ್ತಿ ಬಿಗಿಯಿರಿ. ಚಕ್ರ ಜೋರಾಗಿ ತಿರುಗುವಾಗ ಅದು ಕಿತ್ತು ಹಾರಿ ಬಂದರೆ ಪಕ್ಕದಲ್ಲಿ ನಿಂತವರ ಕಣ್ಣಿಗೆ ಅಪಾಯ.